ಮಲ್ಲರ ಕಣ, ಕಲ್ಯಾಣದ ಬೀದಿ

ಮಲ್ಲಯುದ್ಧವು ಜನರಲ್ಲಿ ಹಿಂಸಾಪ್ರವೃತ್ತಿಯನ್ನು ಬೆಳೆಸುತ್ತದೆಂಬ ಆಕ್ಷೇಪ ಹೊಸದಲ್ಲ. ಅದನ್ನು ಪರೀಕ್ಷಿಸಲು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕಿಂತ ತಕ್ಕ ನೆಲೆ ಬೇರೊಂದಿಲ್ಲ. ಅಲ್ಲಿ ಮಲ್ಲರ ಕಣವೂ ಇದ್ದಿತು, ಬೀದಿಯಲ್ಲಿ ರಕ್ತವೂ ಹರಿಯಿತು.

ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ (1126–1138) 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಒಂದು ಅಧ್ಯಾಯವಿದೆ. ಮಲ್ಲರನ್ನು ವಯಸ್ಸು, ಶಕ್ತಿ, ಕೌಶಲಗಳಿಗನುಸಾರವಾಗಿ ವಿಂಗಡಿಸಿ, ಅವರ ಆಹಾರ ವ್ಯಾಯಾಮಗಳನ್ನು ಅಲ್ಲಿ ವಿವರಿಸಲಾಗಿದೆ. ಅದರೊಡನೆಯೇ ಅಂಕವಿನೋದವೂ ಬರುತ್ತದೆ. ಅಂಕವೆಂದರೆ ಇಬ್ಬರು ಆಯುಧ ಹಿಡಿದು ಕಾದುವುದು. ಕಾದುವವರನ್ನು ಕಣಕ್ಕಿಳಿಸುವ ಕಾರಣಗಳನ್ನೂ ರಾಜನು ಗುರುತಿಸಿದ್ದಾನೆ: ಮತ್ಸರ, ಭೂಮಿ, ಬಿರುದು, ವೈರ. ಮಲ್ಲನಿಗೆ ಎದುರಾಳಿಯ ಮೇಲೆ ಹಗೆಯಿರಬೇಕಾಗಿಲ್ಲ. ಅಂಕಕಾರನು ಹಗೆಯನ್ನು ಮನೆಯಿಂದಲೇ ಹೊತ್ತು ತರುತ್ತಾನೆ. ಆದರೆ ಕೋಳಿಯಂಕ, ಟಗರುಕಾಳಗಗಳ ಸಾಲಿನಲ್ಲಿಯೇ ಇವೆರಡನ್ನೂ 'ವಿನೋದ'ವೆಂದು ಸೇರಿಸಿದ ಅರಸನ ಕಣ್ಣಿಗೆ ಈ ಭೇದ ಮುಖ್ಯವಾಗಿ ತೋರಿದಂತಿಲ್ಲ. ಹಿಂಸೆಯ ರುಚಿಯನ್ನು ಹುಡುಕುವುದಾದರೆ ಮಲ್ಲನ ತೋಳಿಗಿಂತ ಮೊದಲು ನೋಡುವವನ ಕಣ್ಣಿನಲ್ಲಿ ಹುಡುಕಬೇಕು.

ಮೂರು ದಶಕಗಳು ಕಳೆದು, ಬಿಜ್ಜಳನ ಕಾಲಕ್ಕೆ ಅದೇ ಪಟ್ಟಣವು ಹೊತ್ತಿ ಉರಿಯಿತು. ಹರಳಯ್ಯ ಮಧುವಯ್ಯರ ಮಕ್ಕಳ ಮದುವೆಗಾಗಿ ತಂದೆಯರಿಗೆ ಎಳೆಹೂಟೆಯ ಶಿಕ್ಷೆಯಾಯಿತೆಂದೂ, ಆ ಬಳಿಕ ಜಗದೇವನೇ ಮೊದಲಾದವರ ಕೈಯಿಂದ ಬಿಜ್ಜಳನು ಹತನಾದನೆಂದೂ ಪರಂಪರೆಯು ಹೇಳುತ್ತದೆ. ಈ ಯಾವ ರಕ್ತವೂ ಗರಡಿಯಿಂದ ಹೊರಟುದಲ್ಲ. ಕುಲದ ಅಭಿಮಾನವೂ ರಾಜಾಜ್ಞೆಯೂ ಅದರ ಮೂಲ. ಕಣದಲ್ಲಿ ಸೋತವನು ಏಳಬಹುದು. ಆನೆಯ ಕಾಲಿಗೆ ಕಟ್ಟಿಸಿಕೊಂಡವನಿಗೆ 'ಸಾಕು' ಎನ್ನುವ ನಡುವಣವನು ಯಾರೂ ಇರಲಿಲ್ಲ. ಅಂಕ, ಅಲಗು, ಕಾಳಗಗಳ ಮಾತನ್ನು ಶರಣರು ಇಂದ್ರಿಯಗಳೊಡನೆ ನಡೆವ ಹೋರಾಟಕ್ಕೆ ತಿರುಗಿಸಿದುದು ಇಂತಹ ಊರಿನಲ್ಲಿ.

ಕಣವು ನಿರಪರಾಧಿಯೆಂದು ಇದರಿಂದ ಸಿದ್ಧವಾಗುವುದಿಲ್ಲ. 1520ರ ಸುಮಾರಿಗೆ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸನಾದ ಪಾಯೆಸನು, ಹಲ್ಲು ಮುರಿಯುವ, ಕಣ್ಣು ಕೀಳುವ ಹೊಡೆತಗಳನ್ನು ಬಣ್ಣಿಸಿದ್ದಾನೆ. ಟಿಪ್ಪುವಿನ ಆಜ್ಞೆಯಂತೆ ಶ್ರೀರಂಗಪಟ್ಟಣದ ಜಟ್ಟಿಗಳು ಸೆರೆಯಾಳುಗಳನ್ನು ಕೊಂದರೆಂದು ಆಂಗ್ಲರು ಬರೆದಿದ್ದಾರೆ. ಶತ್ರುಪಕ್ಷದ ಈ ಮಾತನ್ನು ಎಚ್ಚರದಿಂದ ಓದಬೇಕು; ನಿಜವಾದರೂ ಅಲ್ಲಿ ಕೊಂದುದು ಪಟ್ಟಲ್ಲ, ಅಪ್ಪಣೆ.

ಅದೇ ಜಟ್ಟಿಗಳ ವಜ್ರಮುಷ್ಟಿ ಕಾಳಗವು ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ಇಂದಿಗೂ ನಡೆದುಬಂದಿದೆ. ತಲೆ ಬೋಳಿಸಿದ ಇಬ್ಬರು ಬೆರಳುಗಳಿಗೆ ಮೊನಚಾದ ಮುಷ್ಟಿಯನ್ನು ತೊಟ್ಟು ಎದುರಾಗುತ್ತಾರೆ. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಕಂಡೊಡನೆ ಹಿರಿಯರು ಇಬ್ಬರನ್ನೂ ಬಿಡಿಸುತ್ತಾರೆ.