ಸೆಲ್ಲೊ ತಂತಿಯಲ್ಲಿ ಕಿರಾನಾ ಶ್ರುತಿ: ಆಧುನಿಕ ರಚನೆಗಳ ಹಿನ್ನೆಲೆ

2012ರಲ್ಲಿ ಪ್ರಕಟವಾದ ‘ಟೈಮ್ ಲೂಪ್ಸ್’ ಎಂಬ ಧ್ವನಿಮುದ್ರಿಕೆಯಲ್ಲಿ ಅಮೆರಿಕದ ಮೈಕೆಲ್ ಹ್ಯಾರಿಸನ್ ರಚಿಸಿದ ‘ಜಸ್ಟ್ ಏನ್‌ಶಂಟ್ ಲೂಪ್ಸ್’ ಎಂಬ ದೀರ್ಘಕೃತಿಯಿದೆ. ಮಾಯಾ ಬೈಸರ್ ಎಂಬ ಒಬ್ಬರೇ ಕಲಾವಿದೆ ಒಂದರ ಮೇಲೊಂದರಂತೆ ನುಡಿಸಿ ಮುದ್ರಿಸಿದ ಅನೇಕ ಸೆಲ್ಲೊ ಎಳೆಗಳಿಂದ ಇದು ರೂಪುಗೊಂಡಿದೆ. ಸಣ್ಣ ಸ್ವರಗುಚ್ಛಗಳ ಆವರ್ತನೆ ಇದರ ಕಟ್ಟಡ. ಅದೇ ಮುದ್ರಿಕೆಯಲ್ಲಿ ಯಮನ್ ರಾಗವನ್ನು ಆಧರಿಸಿದ ಪೀಠಿಕಾರೂಪದ ರಚನೆಯೂ ಇದೆ. ಇಂಥ ಕೃತಿಗಳನ್ನು ಪೂರ್ವ-ಪಶ್ಚಿಮಗಳ ಮಿಶ್ರಣವೆಂದು ಕರೆದು ಮುಗಿಸುವುದು ವಾಡಿಕೆ. ಆದರೆ ಇವುಗಳ ಬೇರು ಇರುವುದು ರಾಗಗಳ ಎರವಲಿನಲ್ಲಿ ಅಲ್ಲ, ಶ್ರುತಿಯನ್ನು ಕುರಿತ ಒಂದು ಜಿಜ್ಞಾಸೆಯಲ್ಲಿ.

ಆ ಜಿಜ್ಞಾಸೆಯ ಕೇಂದ್ರವ್ಯಕ್ತಿ ಲಾ ಮಾಂಟ್ ಯಂಗ್ (ಜನನ 1935). ಇವರ 1958ರ ‘ಟ್ರಯೊ ಫಾರ್ ಸ್ಟ್ರಿಂಗ್ಸ್’ ಪಿಟೀಲು, ವಯೋಲ, ಸೆಲ್ಲೊಗಳಿಗಾಗಿ ಬರೆದದ್ದು. ಅತಿದೀರ್ಘ ಸ್ವರಗಳ ಈ ಕೃತಿಯಿಂದಲೇ ಮಿನಿಮಲಿಸಂ ಮೊದಲಾಯಿತೆಂದು ಅನೇಕ ಇತಿಹಾಸಕಾರರು ಎಣಿಸುತ್ತಾರೆ. 1970ರಲ್ಲಿ ಕಿರಾನಾ ಘರಾನೆಯ ಪಂಡಿತ್ ಪ್ರಾಣನಾಥರು (1918–1996) ಅಮೆರಿಕಕ್ಕೆ ತೆರಳಿದ ಮೇಲೆ ಯಂಗ್, ಮೇರಿಯನ್ ಝಜೀಲಾ, ಟೆರ್ರಿ ರೈಲಿ ಇವರು ಅವರ ಶಿಷ್ಯರಾದರು. ಹ್ಯಾರಿಸನ್ ಕೂಡ ಮುಂದೆ ಅದೇ ಗುರುವಿನ ಬಳಿ ಕಲಿತವರು. ಕಿರಾನಾ ಎಂದೊಡನೆ ಕನ್ನಡಿಗರಿಗೆ ಕುಂದಗೋಳದ ಸವಾಯಿ ಗಂಧರ್ವರು, ಗಂಗೂಬಾಯಿ ಹಾನಗಲ್ಲರು ನೆನಪಾಗುವುದು ಸಹಜ. ಅದು ಅಬ್ದುಲ್ ಕರೀಂಖಾನರಿಂದ ಬಂದ ಶಾಖೆ. ನ್ಯೂಯಾರ್ಕ್ ತಲುಪಿದ್ದು ಅಬ್ದುಲ್ ವಹೀದ್‌ಖಾನರ ಶಾಖೆ. ತಂಬೂರಿಯ ನಾದದಲ್ಲಿ ಸ್ವರವನ್ನು ಬೆರೆಸಿ ನಿಲ್ಲಿಸುವ ಶ್ರದ್ಧೆ ಮಾತ್ರ ಎರಡಕ್ಕೂ ಸಮಾನ.

ಈ ಶ್ರದ್ಧೆಗೆ ಸೆಲ್ಲೊ ಒದಗಿಬಂದದ್ದಕ್ಕೆ ವಾದ್ಯರಚನೆಯಲ್ಲೇ ಕಾರಣವಿದೆ. ಅದಕ್ಕೆ ಮೆಟ್ಟಿಲುಗಳಿಲ್ಲ, ಆದುದರಿಂದ ಬೆರಳು ಯಾವ ಸ್ಥಾನದಲ್ಲಾದರೂ ನಿಲ್ಲಬಹುದು. ಪಿಯಾನೋದಲ್ಲಿ ಶುದ್ಧ ಗಾಂಧಾರ ಷಡ್ಜದಿಂದ 400 ಸೆಂಟ್ ದೂರವಿದ್ದರೆ, 5:4ರ ಅನುಪಾತದ ಗಾಂಧಾರ ಸುಮಾರು 386 ಸೆಂಟ್ ದೂರದಲ್ಲಿದೆ. ಸೆಲ್ಲೊದ ನಾಲ್ಕು ತಂತಿಗಳನ್ನು ಒಂದರಿಂದೊಂದಕ್ಕೆ ಷಡ್ಜ-ಪಂಚಮ ಭಾವದಲ್ಲಿ, ಅಂದರೆ 3:2ರಂತೆ, ಕೂಡಿಸಿದಾಗ ಒಂದು ತೊಡಕು ಏಳುತ್ತದೆ. ಅತ್ಯಂತ ಮಂದ್ರದ ತಂತಿಯನ್ನು ಷಡ್ಜವೆಂದು ಹಿಡಿದರೆ ಮೇಲಿನ ತಂತಿ ಧೈವತವಾಗುತ್ತದೆ. ಅದರ ಅನುಪಾತ 27:16. ಷಡ್ಜಕ್ಕೆ ಹೊಂದುವ ಧೈವತವಾದರೋ 5:3. ಇವೆರಡರ ನಡುವಣ ಅಂತರ 81:80, ಸುಮಾರು 22 ಸೆಂಟ್. ಬಿಡಿತಂತಿಯನ್ನು ಬೆರಳಿನಿಂದ ತಗ್ಗಿಸಲಾಗದು. ವಾದಕರು ಆ ಸ್ವರವನ್ನು ಕೆಳಗಿನ ತಂತಿಯಲ್ಲಿ ಒತ್ತಿ ಪಡೆಯಬೇಕು, ಇಲ್ಲವೆ ತಂತಿಯನ್ನೇ ಸಡಿಲಿಸಬೇಕು. ಭರತನ ಎರಡು ವೀಣೆಗಳ ಪ್ರಯೋಗದಲ್ಲಿ ಬರುವ ಪ್ರಮಾಣಶ್ರುತಿಯನ್ನು ಆಧುನಿಕ ವಿದ್ವಾಂಸರು ಹಲವರು ಈ ಅಂತರದೊಂದಿಗೇ ಸಮೀಕರಿಸಿದ್ದಾರೆ.

ಇಲ್ಲಿ ಎಚ್ಚರಿಕೆ ಅಗತ್ಯ. ‘ಪ್ರಾಚೀನ’ ಎಂಬ ವಿಶೇಷಣ ಗ್ರೀಕರ ವಿಷಯದಲ್ಲಿ ಸಲ್ಲುತ್ತದೆ. ಪೈಥಾಗೊರಸ್ ಪಂಥದ 3:2 ಮಾತ್ರವಲ್ಲ, ಆರ್ಕಿಟಸನಲ್ಲಿ 5 ಮತ್ತು 7ರ ಅನುಪಾತಗಳೂ ದೊರೆಯುತ್ತವೆ. ನಾಟ್ಯಶಾಸ್ತ್ರದ 22 ಶ್ರುತಿಗಳ ಸ್ಥಿತಿ ಬೇರೆ. ಭರತ ಶ್ರುತಿಗಳ ಎಣಿಕೆ ಕೊಟ್ಟಿದ್ದಾನೆಯೇ ಹೊರತು ಅನುಪಾತಗಳನ್ನು ಕೊಟ್ಟಿಲ್ಲ. ತಂತಿಯ ಉದ್ದದಿಂದ ಸ್ವರಸ್ಥಾನ ಹೇಳುವ ಕ್ರಮ 17ನೆಯ ಶತಮಾನದ ಅಹೋಬಲನ ‘ಸಂಗೀತ ಪಾರಿಜಾತ’ದಂಥ ಗ್ರಂಥಗಳಲ್ಲಿ ಕಾಣಸಿಗುತ್ತದೆ. 22 ಶ್ರುತಿಗಳಿಗೆ ಅನುಪಾತಗಳನ್ನು ಕಟ್ಟಿದ್ದು ಬಹುಮಟ್ಟಿಗೆ ಈಚಿನವರ ಕೆಲಸ. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು 1910ರಲ್ಲಿ ಪ್ರಕಟಿಸಿದ ಪುಸ್ತಕ ಈ ದಿಕ್ಕಿನದು. ಅವರ ಪ್ರಯೋಗಗಳಿಗೆ ನೆರವಾದವರು ಕಿರಾನಾದ ಅಬ್ದುಲ್ ಕರೀಂಖಾನರೇ ಎಂಬುದು ಗಮನಾರ್ಹ. ಆ ಲೆಕ್ಕದಂತೆ ಸಿದ್ಧವಾದ ಶ್ರುತಿ ಹಾರ್ಮೋನಿಯಂ 1916ರ ಬರೋಡಾ ಸಮ್ಮೇಳನದಲ್ಲಿ ಚರ್ಚೆಗೆ ಬಂದರೂ ಗಾಯಕರ ಒಪ್ಪಿಗೆ ಪಡೆಯಲಿಲ್ಲ. ದರ್ಬಾರಿಯ ಆಂದೋಲಿತ ಗಾಂಧಾರವನ್ನು ಒಂದು ಅಂಕಿಯಲ್ಲಿ ಹಿಡಿದಿಡುವುದೆಂತು?

ಸೆಲ್ಲೊ ಕೃತಿಗಳನ್ನು ಅಳೆಯಬೇಕಾದದ್ದು ಈ ಪ್ರಶ್ನೆಯಿಂದಲೇ. ಚಾರ್ಲ್ಸ್ ಕರ್ಟಿಸ್‌ಗಾಗಿ ಯಂಗ್ 2002–03ರಲ್ಲಿ ರೂಪಿಸಿದ ‘ಜಸ್ಟ್ ಚಾರ್ಲ್ಸ್ ಅಂಡ್ ಸೆಲ್ಲೊ ಇನ್ ದ ರೊಮ್ಯಾಂಟಿಕ್ ಕಾರ್ಡ್’ನಲ್ಲಿ ಮೊದಲೇ ಮುದ್ರಿಸಿದ ಸೆಲ್ಲೊ ನಾದ ತಂಬೂರಿಯ ಸ್ಥಾನದಲ್ಲಿದೆ. ಅದರ ಮೇಲೆ ವಾದಕರು ಅವಸರವಿಲ್ಲದೆ ಸ್ವರಗಳನ್ನು ಬಿಡಿಸುತ್ತಾರೆ. ಆಲಾಪದ ಮನೋಧರ್ಮಕ್ಕೆ ಇದು ಹೆಚ್ಚು ಹತ್ತಿರ. ಡಚ್ ಮೂಲದ ಸಾಸ್ಕಿಯಾ ರಾವ್-ದ ಹಾಸ್ ಹಿಡಿದ ದಾರಿ ಇದಕ್ಕೆ ವಿಮುಖವಾದುದು. ಹರಿಪ್ರಸಾದ್ ಚೌರಾಸಿಯಾ ಅವರ ಶಿಷ್ಯೆಯಾದ ಇವರು ಐದು ನುಡಿಸುವ ತಂತಿ, ಹತ್ತು ಅನುರಣನ ತಂತಿಗಳಿರುವಂತೆ ವಾದ್ಯವನ್ನೇ ಮಾರ್ಪಡಿಸಿ, ನೆಲದ ಮೇಲೆ ಕುಳಿತು ಹಿಂದೂಸ್ತಾನಿ ಪದ್ಧತಿಯನ್ನೇ ನುಡಿಸುತ್ತಾರೆ.

ಹ್ಯಾರಿಸನ್‌ರ ಕೃತಿ ಇವೆರಡರ ನಡುವೆ ನಿಲ್ಲುತ್ತದೆ. ಆವರ್ತಿಸುವ ಎಳೆಗಳು ಒಂದರೊಡನೊಂದು ಕೂಡಬೇಕಾದುದರಿಂದ ಪ್ರತಿಯೊಂದು ಸ್ವರವೂ ಅನುಪಾತದಲ್ಲೇ ನಿಲ್ಲಬೇಕು, ತಪ್ಪಿದರೆ ನಾದದಲ್ಲಿ ನಡುಕ ಕೇಳಿಸುತ್ತದೆ. ಈ ಶಿಸ್ತಿನಿಂದ ದೊರೆಯುವ ಸುನಾದ ಅಪೂರ್ವವಾದುದೆಂಬುದನ್ನು ಅಲ್ಲಗಳೆಯಲಾಗದು. ಆದರೆ ಗಮಕ, ಮೀಂಡ್‌ಗಳಲ್ಲಿ ಸ್ವರ ಸಂಚರಿಸುವ ಅವಕಾಶ ಇಲ್ಲಿ ಕಿರಿದಾಗುತ್ತದೆ. ವೇದಿಕೆಯ ಮೇಲೆ ಬೈಸರ್ ಉಳಿದೆಲ್ಲ ಎಳೆಗಳ ಮುದ್ರಣದೊಂದಿಗೆ ಒಂದು ಎಳೆಯನ್ನು ಮಾತ್ರ ನುಡಿಸುತ್ತಾರೆ. ಬೆರಳಿನ ಸ್ವಾತಂತ್ರ್ಯ ಉಳಿದಿರುವುದು ಆ ಒಂದೇ ಎಳೆಯಲ್ಲಿ.