ಗೋವೆಯ ಗೃಹಿಣಿಯರ ಹೆಸರು: ಶಾಸನದಿಂದ ದಸ್ತೈವಜಿನವರೆಗೆ

ಹೆಸರೆಂಬುದು ಕೇವಲ ಕರೆಯುವ ಸಾಧನವಲ್ಲ; ಅದು ಮನೆತನವನ್ನೂ ಹಕ್ಕನ್ನೂ ಸೂಚಿಸುವ ಗುರುತು. ಗಂಡಸಿಗೆ ಹುಟ್ಟಿನಿಂದ ಕಡೆಯವರೆಗೆ ಒಂದೇ ಹೆಸರು ಸಾಕು. ಹೆಣ್ಣಿನ ಹೆಸರಾದರೋ ವಿವಾಹದೊಡನೆ ಮಾರ್ಪಡುವುದು ನಮ್ಮ ಗಡಿನಾಡಿನ ಹಲವು ಸಮಾಜಗಳಲ್ಲಿ ರೂಢಿ. ಈ ವಿಷಯವನ್ನು ನೆರೆಯ ಗೋವೆಯ ಚರಿತ್ರೆಯ ಆಧಾರದಿಂದ ವಿಚಾರಿಸೋಣ.

ಗೋವೆಯನ್ನು ಚಂದ್ರಪುರ, ಗೋಪಕಪಟ್ಟಣಗಳಿಂದ ಆಳಿದ ಕದಂಬರ ಅಂತಃಪುರವನ್ನೇ ಮೊದಲು ನೋಡಬಹುದು. ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಿತ್ತೂರಿನ ಬಳಿಯ ದೇಗಾಂವಿಯಲ್ಲಿ ಕಮಲನಾರಾಯಣ ದೇವಾಲಯವನ್ನು ಕಟ್ಟಿಸಿದಳು. ಅಲ್ಲಿಯ 1174ರ ಶಾಸನದಲ್ಲಿ ಅವಳ ಪತಿಯ ವಂಶದೊಡನೆ ತಂದೆ ಕಾಮದೇವನ, ತಾಯಿ ಚಟ್ಟಲದೇವಿಯ ಹೆಸರುಗಳೂ ಬಂದಿವೆ. ಎರಡನೆಯ ಜಯಕೇಶಿಯ ರಾಣಿ ಮೈಲಲದೇವಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಮಗಳೆಂದೇ ಪ್ರಸಿದ್ಧಳು. ಗುಜರಾತದ ಕರ್ಣನನ್ನು ವರಿಸಿ ಸಿದ್ಧರಾಜ ಜಯಸಿಂಹನ ತಾಯಿಯಾದ ಮಯಣಲ್ಲಾದೇವಿಯನ್ನು ಹೇಮಚಂದ್ರನು ತನ್ನ ದ್ವ್ಯಾಶ್ರಯ ಕಾವ್ಯದಲ್ಲಿ ಕದಂಬ ಜಯಕೇಶಿಯ ಮಗಳೆಂದು ಗುರುತಿಸಿದ್ದಾನೆ. ದೇವಿ, ಮಹಾದೇವಿ ಎಂಬುವು ಪದವಿಯನ್ನು ತಿಳಿಸುವ ಮಾತುಗಳು. ಪದವಿ ಪತಿಯಿಂದ ಬಂದರೂ ತವರಿನ ಗುರುತು ಅಳಿಯಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಜನಸಾಮಾನ್ಯರಲ್ಲಿಯೂ ಇದೇ ಕ್ರಮದ ಛಾಯೆಯುಂಟು. ಗೌಡನ ಹೆಂಡತಿ ಗೌಡತಿ. ಕೊಂಕಣಿಯಲ್ಲಿ ಭಟ್ಟನ ಹೆಂಡತಿ ಭಟ್ಟೀಣ. ಬಿರುದು ಗಂಡನ ವೃತ್ತಿಯದು, ಹೆಸರು ಅವಳದೇ.

1510ರಲ್ಲಿ ಪೋರ್ತುಗೀಜರು ಗೋವೆಯನ್ನು ಗೆದ್ದ ಮೇಲೆ ಹೊಸ ಪದ್ಧತಿಗಳು ಬಂದವು. ಕ್ರೈಸ್ತರಾದವರಿಗೆ ಪೋರ್ತುಗೀಜ ಉಪನಾಮಗಳು ದೊರೆತವು. ಕುಲೀನ ಸ್ತ್ರೀಯ ಗೌರವವಾಚಕವಾದ 'ದೋನಾ' ಎಂಬುದು ಅವಳ ಸ್ವಂತ ಹೆಸರಿಗೇ ಅಂಟುತ್ತಿತ್ತು. ಪಣಜಿಯ ಸಮೀಪದ ದೋನಾ ಪಾವ್ಲಾ ಎಂಬ ಸ್ಥಳನಾಮವೇ ಇದಕ್ಕೆ ಸಾಕ್ಷಿ. ಪೋರ್ತುಗೀಜ ಪದ್ಧತಿಯಲ್ಲಿ ಮಗುವಿನ ಹೆಸರಿನೊಡನೆ ತಾಯಿಯ ಮನೆತನದ ಹೆಸರೂ ಸೇರುವುದುಂಟು.

ಇದಕ್ಕಿಂತಲೂ ಮಹತ್ವದ್ದು ಕಾಯದೆಯ ಮಾತು. 1867ರ ಪೋರ್ತುಗೀಜ ನಾಗರಿಕ ಸಂಹಿತೆ 1870ರಲ್ಲಿ ಗೋವೆಗೂ ಅನ್ವಯಿಸಿತು. ವಿವಾಹಕ್ಕೆ ಮುಂಚೆ ಬೇರೆ ಕರಾರು ಇಲ್ಲದಿದ್ದರೆ ದಂಪತಿಗಳ ಆಸ್ತಿ ಇಬ್ಬರಿಗೂ ಸಮಾನವೆಂಬುದು ಅದರ ಸಾಮಾನ್ಯ ನಿಯಮ. ಮನೆ, ಹೊಲ ಮಾರಬೇಕಾದರೆ ಹೆಂಡತಿಯ ಸಮ್ಮತಿಯೂ ಬೇಕು. ಆದಕಾರಣ ದಸ್ತೈವಜಿನಲ್ಲಿ ಅವಳು ಯಾರೆಂಬುದು ಸ್ಪಷ್ಟವಾಗಿರಲೇಬೇಕು.

ಆದರೆ ಗೋವೆಯ ಹಲವು ಹಿಂದೂ ಮನೆತನಗಳಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ವರನು ಉಂಗುರದಿಂದ ವಧುವಿನ ಹೊಸ ಹೆಸರನ್ನು ಬರೆಯುವ ವಾಡಿಕೆಯುಂಟು. ಉಪನಾಮದ ಜೊತೆಗೆ ಹೆತ್ತವರಿಟ್ಟ ಹೆಸರೂ ಮರೆಯಾಗುತ್ತದೆ. ಜನನದ ದಾಖಲೆಯಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು! ಆದ್ದರಿಂದಲೇ ಗೋವೆಯ ಕ್ರಯಪತ್ರಗಳಲ್ಲಿ ಸ್ತ್ರೀಯರ ಎರಡು ಹೆಸರುಗಳ ನಡುವೆ 'ಉರ್ಫ್' ಎಂಬರ್ಥದ ಮಾತು ಮತ್ತೆ ಮತ್ತೆ ಕಾಣುತ್ತದೆ. ಆ ಒಂದು ಮಾತು ಬಿಟ್ಟುಹೋದರೆ ಇಬ್ಬರೂ ಒಬ್ಬಳೇ ಎಂದು ಸಿದ್ಧಪಡಿಸುವ ಕಷ್ಟ ಮಕ್ಕಳ ಪಾಲಿಗೆ ಬರುತ್ತದೆ.

1961ರ ಡಿಸೆಂಬರ 19ರಂದು ಗೋವೆ ವಿಮೋಚನೆ ಹೊಂದಿದ ಮೇಲೂ ಹಳೆಯ ಕೌಟುಂಬಿಕ ಕಾಯದೆ ಬಹುಮಟ್ಟಿಗೆ ಮುಂದುವರಿಯಿತು. 1990ರಲ್ಲಿ ಹೆಸರು ಹಾಗೂ ಉಪನಾಮಗಳ ಬದಲಾವಣೆಗೆಂದೇ ಅಲ್ಲಿ ಪ್ರತ್ಯೇಕ ಕಾಯದೆಯಾಯಿತು. ವಿವಾಹಿತೆಯು ಪತಿಯ ಉಪನಾಮವನ್ನು ಧರಿಸಲೇಬೇಕೆಂಬ ಕಟ್ಟಳೆ ಭಾರತದ ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ಧರಿಸುವುದು, ಬಿಡುವುದು ಅವಳ ಇಚ್ಛೆ.

ಅಧ್ಯಾಪಕ ಬಂಧುಗಳಿಗೆ ಇದರಲ್ಲಿ ಒಂದು ಕರ್ತವ್ಯವಿದೆ. ಕಾರವಾರ, ಜೋಯಿಡಾ, ಖಾನಾಪುರಗಳಿಂದ ಗೋವೆಗೆ ಹೆಣ್ಣು ಕೊಡುವುದೂ ತರುವುದೂ ನಡೆದೇ ಇದೆ. ಹುಡುಗಿಯರ ಹೆಸರು ಮೊದಲು ಸ್ಥಿರವಾಗಿ ನಿಲ್ಲುವ ಪುಸ್ತಕಗಳಲ್ಲಿ ನಮ್ಮ ಶಾಲೆಯ ದಾಖಲಾತಿ ಪುಸ್ತಕವೂ ಒಂದು. ಆ ಹೆಸರನ್ನೂ ತಾಯಿಯ ಹೆಸರನ್ನೂ ಜನನದ ದಾಖಲೆಗೆ ತಾಳೆ ನೋಡಿ, ಅಕ್ಷರ ತಪ್ಪದಂತೆ ಬರೆಯೋಣ. ಕಮಲಾದೇವಿಯ ತಂದೆತಾಯಿಗಳ ಹೆಸರನ್ನು ಕಲ್ಲಿನ ಮೇಲೆ ಕಡೆದ ರೂವಾರಿಯು ತೋರಿದ ಎಚ್ಚರಿಕೆ ಲೇಖನಿ ಹಿಡಿದ ನಮಗೂ ಇರಲಿ.