ಟೊಯೋಟಾ ಪೂರೈಕೆದಾರ ವ್ಯವಸ್ಥೆ

ಜಪಾನಿನ ಟೊಯೋಟಾ ಮೋಟಾರ್ ಕಂಪನಿಗೂ ಅದಕ್ಕೆ ಬಿಡಿಭಾಗ ಒದಗಿಸುವ ಕಾರ್ಖಾನೆಗಳಿಗೂ ನಡುವೆ 1930ರ ದಶಕದ ಕೊನೆಯಿಂದ ಬೆಳೆದುಬಂದ ವ್ಯವಹಾರ ಕ್ರಮ. ಕಾರಿನ ತಯಾರಿಕಾ ವೆಚ್ಚದಲ್ಲಿ ಬಹುಪಾಲು ಹೊರಗಿನಿಂದ ಕೊಂಡ ಭಾಗಗಳದ್ದು. ಹೀಗಾಗಿ ಕೊಡುವವರ ಮತ್ತು ಕೊಳ್ಳುವವರ ಸಂಬಂಧ ಕಂಪನಿಯ ಲಾಭ, ಗುಣಮಟ್ಟಗಳನ್ನು ಎಷ್ಟರಮಟ್ಟಿಗೆ ನಿರ್ಧರಿಸುತ್ತದೆ ಎಂಬ ಚರ್ಚೆ ಎಲ್ಲಿ ನಡೆದರೂ ಈ ಉದಾಹರಣೆ ಬಂದೇ ಬರುತ್ತದೆ. ಇದರ ಬಗೆಗಿನ ಬರಹಗಳು ಎರಡು ಬಣವಾಗಿ ಒಡೆದಿವೆ. ಒಂದು ಬಣಕ್ಕೆ ಇದು ಜಪಾನೀ ಸಂಸ್ಕೃತಿಯಲ್ಲೇ ಬೇರೂರಿದ ಪರಸ್ಪರ ನಂಬಿಕೆಯ ಫಲ. ಇನ್ನೊಂದಕ್ಕೆ, ದೊಡ್ಡ ಕಂಪನಿ ಸಣ್ಣವರನ್ನು ಹಿಂಡುವ ಜಾಣ ಉಪಾಯ. ದಾಖಲೆಗಳು ಎರಡನ್ನೂ ಪೂರ್ತಿಯಾಗಿ ಒಪ್ಪುವುದಿಲ್ಲ.

ಆರಂಭ

ಕೀಚಿರೋ ಟೊಯೋಡಾ ತಂದೆಯ ಮಗ್ಗದ ಕಾರ್ಖಾನೆಯಲ್ಲಿ 1933ರಲ್ಲಿ ಮೋಟಾರು ವಿಭಾಗ ತೆರೆದರು. 1937ರಲ್ಲಿ ಅದು ಬೇರೆ ಕಂಪನಿಯಾಯಿತು. 1939ರಲ್ಲಿ ಕಂಪನಿ ರೂಪಿಸಿದ ಖರೀದಿ ನಿಯಮಗಳು, ಒಮ್ಮೆ ಆರಿಸಿಕೊಂಡ ಪೂರೈಕೆದಾರನನ್ನು ತನ್ನದೇ ಶಾಖಾ ಕಾರ್ಖಾನೆಯಂತೆ ಕಾಣಬೇಕು, ಸುಮ್ಮಸುಮ್ಮನೆ ಬದಲಿಸಬಾರದು, ಅವನ ಕೆಲಸ ಸುಧಾರಿಸಲು ನೆರವಾಗಬೇಕು ಎಂದು ಹೇಳುತ್ತವೆ. ‘ನಂಬಿಕೆ’ ಬಣದವರು ಇದನ್ನೇ ಮೂಲಪತ್ರವೆಂದು ಎತ್ತಿ ತೋರಿಸುತ್ತಾರೆ. ಆದರೆ ಅದು ಯುದ್ಧಕಾಲ: ಕಚ್ಚಾಮಾಲಿಗೆ ಸರ್ಕಾರದ ನಿಯಂತ್ರಣವಿತ್ತು, ಒಳ್ಳೆಯ ಬಿಡಿಭಾಗ ಮಾಡಬಲ್ಲವರು ಬೆರಳೆಣಿಕೆಯಷ್ಟು. ಸಿಕ್ಕವರನ್ನು ಉಳಿಸಿಕೊಳ್ಳದೆ ಬೇರೆ ದಾರಿಯೇ ಇರಲಿಲ್ಲ. ಪೂರೈಕೆದಾರರ ಸಂಘ 1943ರಲ್ಲಿ ಕ್ಯೋಹೋಕಾಯ್ ಎಂಬ ಹೆಸರು ಪಡೆದದ್ದೂ ಇದೇ ಇಕ್ಕಟ್ಟಿನಲ್ಲಿ.

ಯುದ್ಧದ ನಂತರದ ಹಣಕಾಸಿನ ಬಿಗಿಯಲ್ಲಿ ಟೊಯೋಟಾ ಮುಳುಗುವ ಹಂತಕ್ಕೆ ಬಂತು. ಭಾರ ಇಳಿಸಿಕೊಳ್ಳಲು 1949ರ ಡಿಸೆಂಬರಿನಲ್ಲಿ ವಿದ್ಯುತ್ ಉಪಕರಣ ಮತ್ತು ರೇಡಿಯೇಟರ್ ವಿಭಾಗವನ್ನು ಬೇರ್ಪಡಿಸಿತು. ಹಾಗೆ ಹೊರಬಿದ್ದದ್ದೇ ನಿಪ್ಪೊಂಡೆನ್ಸೊ, ಇಂದಿನ ಡೆನ್ಸೊ. ಈಗ ಜಗತ್ತಿನ ಅತಿದೊಡ್ಡ ವಾಹನ ಬಿಡಿಭಾಗ ಕಂಪನಿಗಳಲ್ಲಿ ಅದೂ ಒಂದು. ‘ಟೊಯೋಟಾ ಕುಟುಂಬ’ದ ಹಿರಿಯ ಸದಸ್ಯ ಹುಟ್ಟಿದ್ದು ಮನೆಯಿಂದ ಹೊರಗಿಟ್ಟಾಗ ಎಂಬುದನ್ನು ಜನಪ್ರಿಯ ಚರಿತ್ರೆಗಳು ಸಾಮಾನ್ಯವಾಗಿ ಹೇಳುವುದಿಲ್ಲ. 1950ರಲ್ಲಿ ಮುಷ್ಕರ ನಡೆದು ಕೀಚಿರೋ ರಾಜೀನಾಮೆ ಕೊಟ್ಟರು. ಕೊರಿಯಾ ಯುದ್ಧದ ಟ್ರಕ್ ಬೇಡಿಕೆ ಕಂಪನಿಯನ್ನು ಉಳಿಸಿತು.

ನಿಜವಾದ ತಿರುವು 1952–53ರದು. ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಸರ್ಕಾರಿ ಇಲಾಖೆ ಟೊಯೋಟಾವನ್ನೂ ಅದರ ಪೂರೈಕೆದಾರರನ್ನೂ ಒಟ್ಟಿಗೆ ತಪಾಸಣೆಗೆ ಒಳಪಡಿಸಿತು. ಪೂರೈಕೆದಾರರ ಲೆಕ್ಕಪತ್ರ, ಯಂತ್ರಗಳ ಸ್ಥಿತಿ, ಕೆಲಸದ ಕ್ರಮದ ಜತೆಗೆ ಖರೀದಿದಾರನ ಆರ್ಡರ್ ಕೊಡುವ ರೀತಿಯೂ ಪರಿಶೀಲನೆಗೆ ಬಂತು. ಆರ್ಥಿಕ ಇತಿಹಾಸಕಾರ ಕಜುವೊ ವಾಡಾ ಈ ಘಟ್ಟವನ್ನು ಬೆಳಕಿಗೆ ತಂದ ಮೇಲೆ, ಸಂಘವು ಹೆಸರಿಗಷ್ಟೇ ಇದ್ದದ್ದರಿಂದ ಕಲಿಯುವ ವೇದಿಕೆಯಾಗಿ ಬದಲಾದದ್ದು ಹೊರಗಿನವರ ಕಣ್ಣು ಬಿದ್ದ ಬಳಿಕವೇ ಎಂಬ ವಾದಕ್ಕೆ ಬಲ ಬಂದಿದೆ.

ಕಾನ್‌ಬಾನ್ ಮತ್ತು ದರದ ಪ್ರಶ್ನೆ

ಎಂಜಿನಿಯರ್ ತಾಯಿಚಿ ಓನೋ ಮೊದಲು ಟೊಯೋಟಾದ ಯಂತ್ರಶಾಲೆಯಲ್ಲಿ ಪ್ರಯೋಗಿಸಿದ ಕಾನ್‌ಬಾನ್ ಚೀಟಿ 1960ರ ದಶಕದ ನಡುವೆ ಹೊರಗಿನ ಪೂರೈಕೆದಾರರಿಗೂ ಹಬ್ಬಿತು. ಚೀಟಿಯ ಮೇಲೆ ಭಾಗದ ಸಂಖ್ಯೆ, ಒಂದು ಪೆಟ್ಟಿಗೆಯಲ್ಲಿ ಎಷ್ಟಿರಬೇಕು, ಯಾವ ಲೈನಿನ ಯಾವ ಕಪಾಟಿಗೆ ಹೋಗಬೇಕು ಎಂಬುದರ ಜತೆಗೆ 1-6-2 ಎಂಬಂಥ ಮೂರು ಅಂಕಿಗಳಿರುತ್ತಿದ್ದವು. ಒಂದು ದಿನಕ್ಕೆ ಆರು ಬಾರಿ ಲಾರಿ ಬರಬೇಕು, ಈಗ ಕೊಂಡೊಯ್ದ ಚೀಟಿಯ ಮಾಲು ಎರಡು ಸರದಿ ಬಿಟ್ಟು ಬರಬೇಕು ಎಂದು ಅದರ ಅರ್ಥ. ಚೀಟಿ ಬಾರದೆ ಮಾಲು ಮಾಡುವಂತಿಲ್ಲ. ಚೀಟಿ ಬಂದ ಮೇಲೆ ತಡಮಾಡುವಂತಿಲ್ಲ. ಇದನ್ನು ಕಲಿಸಲೆಂದೇ 1970ರಲ್ಲಿ ಒಂದು ವಿಭಾಗ ಹುಟ್ಟಿತು. ಪೂರೈಕೆದಾರರು ಸಣ್ಣ ಗುಂಪುಗಳಾಗಿ ಒಬ್ಬರ ಕಾರ್ಖಾನೆಯನ್ನು ಇನ್ನೊಬ್ಬರು ಹೊಕ್ಕು ಸುಧಾರಿಸುವ ಜಿಶುಕೆನ್ ಪದ್ಧತಿಯೂ ಆ ದಶಕದ್ದೇ.

ವಿವಾದ ಬಿಸಿಯಾದದ್ದು ಇಲ್ಲಿ. ಟೊಯೋಟಾದ ದಾಸ್ತಾನು ಇಳಿದದ್ದು ಸಣ್ಣವರ ಗೋದಾಮು ತುಂಬಿಸಿಯೇ ಎಂದು ಟೀಕಾಕಾರರು ಹೇಳಿದರು. ಮಾತು ಸಂಸತ್ತಿನವರೆಗೂ ಹೋಯಿತು. ದೊಡ್ಡ ಕಂಪನಿಗಳು ಸಣ್ಣವರ ಹಣ ತಡೆಹಿಡಿಯುವುದು ಎಷ್ಟು ಮಾಮೂಲಾಗಿತ್ತೆಂದರೆ 1956ರಲ್ಲೇ ಅದರ ವಿರುದ್ಧ ಕಾನೂನು ಬಂದಿತ್ತು. ಆರು ತಿಂಗಳಿಗೊಮ್ಮೆ ದರ ಇಳಿಸುವ ಮಾತುಕತೆ ವ್ಯವಸ್ಥೆಯ ಅಂಗವೇ ಆಗಿತ್ತು. ಹಂಗಾಮಿ ಕೆಲಸಗಾರನಾಗಿ ಸೇರಿ ಪತ್ರಕರ್ತ ಸತೋಶಿ ಕಾಮಾತಾ 1973ರಲ್ಲಿ ಪ್ರಕಟಿಸಿದ ಪುಸ್ತಕ ಟೊಯೋಟಾ ಲೈನಿನ ಒಳಗಿನ ಕಷ್ಟವನ್ನು ದಾಖಲಿಸಿತು.

ಇದಕ್ಕೆ ಎದುರಾಗಿ ನಿಂತದ್ದು ಕ್ಯೋಟೋದ ಅರ್ಥಶಾಸ್ತ್ರಜ್ಞ ಬಾನ್ರಿ ಅಸಾನುಮಾರ ಅಧ್ಯಯನ. ಅವರು ಪೂರೈಕೆದಾರರನ್ನು ಎರಡಾಗಿ ವಿಂಗಡಿಸಿದರು: ಕಾರು ಕಂಪನಿ ಕೊಟ್ಟ ನಕ್ಷೆಯಂತೆ ಮಾಡಿಕೊಡುವವರು, ತಾವೇ ನಕ್ಷೆ ಬಿಡಿಸಿ ಒಪ್ಪಿಗೆ ಪಡೆಯುವವರು. ಎರಡನೆಯವರಿಗೆ ಚೌಕಾಶಿಯ ಬಲ ಹೆಚ್ಚು, ಉಳಿತಾಯದಲ್ಲಿ ಪಾಲೂ ಹೆಚ್ಚು. 1992ರಲ್ಲಿ ತಾತ್ಸುಯಾ ಕಿಕುತಾನಿಯವರೊಂದಿಗೆ ಬರೆದ ಪ್ರಬಂಧದಲ್ಲಿ ಲೆಕ್ಕ ಹಾಕಿ, ಮಾರುಕಟ್ಟೆಯ ಏರಿಳಿತದ ಹೊರೆಯನ್ನು ಕಾರು ಕಂಪನಿ ಕೆಳಕ್ಕೆ ತಳ್ಳುವುದಕ್ಕಿಂತ ತಾನೇ ಒಂದಷ್ಟು ಹೊರುತ್ತದೆ ಎಂದರು. ಈ ತೀರ್ಮಾನವನ್ನು ಓದುವಾಗ ಒಂದನ್ನು ಗಮನಿಸಬೇಕು. ಅಂಕಿಅಂಶ ಸುಲಭವಾಗಿ ಸಿಗುವುದು ಟೊಯೋಟಾದೊಡನೆ ನೇರ ವ್ಯವಹಾರವಿರುವ ಮೊದಲ ಹಂತದ ಕಂಪನಿಗಳದ್ದು. ಅವಕ್ಕೆ ಜಾಬ್‌ವರ್ಕ್ ಮಾಡಿಕೊಡುವ ಎರಡನೆಯ, ಮೂರನೆಯ ಹಂತದ ಹತ್ತಾಳಿನ ಶೆಡ್ಡುಗಳ ಲೆಕ್ಕ ಆ ಚಿತ್ರದೊಳಗೆ ಬರುವುದೇ ಅಪರೂಪ.

ಅಮೆರಿಕದಲ್ಲಿ

1984ರಲ್ಲಿ ಜನರಲ್ ಮೋಟಾರ್ಸ್ ಜತೆ ಫ್ರೀಮಾಂಟ್‌ನಲ್ಲಿ, 1988ರಲ್ಲಿ ಕೆಂಟಕಿಯಲ್ಲಿ ಟೊಯೋಟಾ ಕಾರು ತಯಾರಿಸತೊಡಗಿತು. ಇದರಿಂದ ‘ಸಂಸ್ಕೃತಿ’ ವಾದಕ್ಕೆ ಒಂದು ಪರೀಕ್ಷೆ ಒದಗಿತು. ಜೆಫ್ ಡೈಯರ್ ಮತ್ತು ನೈಲ್ ಹ್ಯಾಚ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ಟೊಯೋಟಾಕ್ಕೂ ಅಮೆರಿಕದ ಕಂಪನಿಗಳಿಗೂ ಮಾಲು ಕೊಡುವ ಅಮೆರಿಕನ್ ಪೂರೈಕೆದಾರರನ್ನೇ ಆರಿಸಿಕೊಂಡಿತು. ಪೂರೈಕೆದಾರ ಒಬ್ಬನೇ ಆದರೂ ಟೊಯೋಟಾಕ್ಕೆ ಹೋಗುವ ಮಾಲಿನಲ್ಲಿ ದೋಷ ಕಡಿಮೆ. ಗಿರಾಕಿ ಕಲಿಸಿದ್ದನ್ನು ಇನ್ನೊಬ್ಬ ಗಿರಾಕಿಯ ಲೈನಿಗೆ ಸಾಗಿಸಲು ಆ ಇನ್ನೊಬ್ಬರ ನಿಯಮಗಳೇ ಎಷ್ಟೋ ಕಡೆ ಅಡ್ಡಬಂದಿದ್ದವು. ಕೊಳ್ಳುವವನ ನಡವಳಿಕೆ ಕೊಡುವವನ ಸಾಮರ್ಥ್ಯವನ್ನು ಬದಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ವಿರಳ. ಇದಕ್ಕೆ ವಿರುದ್ಧವಾದ ದಾರಿಯನ್ನು 1992ರಲ್ಲಿ ಹಿಡಿದ ಜನರಲ್ ಮೋಟಾರ್ಸ್‌ನ ಖರೀದಿ ಮುಖ್ಯಸ್ಥ ಹೋಸೆ ಇಗ್ನಾಸಿಯೊ ಲೋಪೆಸ್ ಹಳೆಯ ಒಪ್ಪಂದಗಳನ್ನು ಹರಿದು ಮರುಹರಾಜು ಹಾಕಿ ದುಡ್ಡು ಉಳಿಸಿದ್ದರು. ಕಂಪನಿ ಮತ್ತು ಪೂರೈಕೆದಾರರ ನಡುವಿನ ಕಹಿ ಬಹುಕಾಲ ಉಳಿಯಿತು.

ಐಸಿನ್ ಬೆಂಕಿ, 1997

1997ರ ಫೆಬ್ರವರಿ 1ರ ಶನಿವಾರ ಬೆಳಗಿನ ಜಾವ ಕಾರಿಯಾದಲ್ಲಿ ಪೂರೈಕೆದಾರ ಕಂಪನಿ ಐಸಿನ್ ಸೈಕಿಯ ಕಾರ್ಖಾನೆ ಸುಟ್ಟಿತು. ಹಿಂದಿನ ಚಕ್ರದ ಬ್ರೇಕಿಗೆ ಹೋಗುವ ಒತ್ತಡ ನಿಯಂತ್ರಿಸುವ, ಸಿಗರೇಟು ಪ್ಯಾಕಿನಷ್ಟು ದೊಡ್ಡ ಪಿ-ವಾಲ್ವ್ ಅಲ್ಲಿ ತಯಾರಾಗುತ್ತಿತ್ತು. ಟೊಯೋಟಾಕ್ಕೆ ಬೇಕಾದ ಪಿ-ವಾಲ್ವ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಅಲ್ಲಿಂದಲೇ ಬರುತ್ತಿದ್ದವು. ಫೆಬ್ರವರಿ 4ರ ಹೊತ್ತಿಗೆ ಹೆಚ್ಚಿನ ಲೈನುಗಳು ನಿಂತವು.

ತೊಶಿಹಿರೊ ನಿಶಿಗುಚಿ ಮತ್ತು ಅಲೆಕ್ಸಾಂಡರ್ ಬೋಡೆ ದಾಖಲಿಸಿದಂತೆ, ಸುಮಾರು 200 ಕಂಪನಿಗಳು ನೆರವಿಗೆ ಬಂದವು. 60ಕ್ಕೂ ಹೆಚ್ಚು ಕಂಪನಿಗಳು ವಾಲ್ವ್ ತಯಾರಿಕೆಯನ್ನೇ ಹಂಚಿಕೊಂಡವು. ಐಸಿನ್ ತನ್ನ ನಕ್ಷೆಗಳನ್ನು ಕೇಳಿದವರಿಗೆಲ್ಲ ಕೊಟ್ಟಿತು. ಹೊಲಿಗೆ ಯಂತ್ರ ಮಾಡುವ ಬ್ರದರ್ ಕಂಪನಿಯೂ ಕೈಹಾಕಿತು. ಮೊದಲ ಬಾರಿಗೆ ವಾಲ್ವ್ ಮಾಡಿ ತಲುಪಿಸಿದ್ದು ಸಣ್ಣ ಕಂಪನಿಯೊಂದು, ಬೆಂಕಿ ಬಿದ್ದ ನಾಲ್ಕು ದಿನಗಳೊಳಗೆ. ಸುಮಾರು ಒಂದು ವಾರದಲ್ಲಿ ಉತ್ಪಾದನೆ ಮೊದಲಿನ ಮಟ್ಟಕ್ಕೆ ಬಂತು. ದರ ಎಷ್ಟು, ಹಣ ಯಾರು ಕೊಡುತ್ತಾರೆ ಎಂಬ ಮಾತು ಮೊದಲು ಬರಲೇ ಇಲ್ಲ. ಟೊಯೋಟಾ ಆಮೇಲೆ ಮೊದಲ ಹಂತದ ಪೂರೈಕೆದಾರರಿಗೆ, ಜನವರಿಯಿಂದ ಮಾರ್ಚ್‌ವರೆಗೆ ತನಗೆ ಮಾರಿದ ಮಾಲಿನ ಮೌಲ್ಯದ ಶೇ. 1ರಷ್ಟನ್ನು ಪರಿಹಾರವಾಗಿ ಕೊಟ್ಟಿತು.

ಈ ಕಥೆಯನ್ನು ಸಂಬಂಧದ ವಿಜಯವೆಂದೇ ಹೇಳುವುದು ರೂಢಿ. ಒಂದೇ ಛಾವಣಿಯಡಿ ಇಡೀ ಕಂಪನಿಯ ಬ್ರೇಕನ್ನು ಇಟ್ಟದ್ದೂ ಅದೇ ಸಂಬಂಧ ಎಂಬುದನ್ನು ಸೇರಿಸಿದರೆ ಮಾತ್ರ ಚಿತ್ರ ಪೂರ್ಣವಾಗುತ್ತದೆ.

1999ರಿಂದ 2010

1999ರ ಅಕ್ಟೋಬರಿನಲ್ಲಿ ಕಾರ್ಲೋಸ್ ಘೋಸ್ನ್ ನಿಸ್ಸಾನ್ ಪುನಶ್ಚೇತನ ಯೋಜನೆ ಪ್ರಕಟಿಸಿ, ಪೂರೈಕೆದಾರರ ಸಂಖ್ಯೆಯನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿ ಖರೀದಿ ವೆಚ್ಚ ಶೇ. 20 ಕಡಿತಗೊಳಿಸುವ ಗುರಿ ಇಟ್ಟರು. ನಿಸ್ಸಾನ್ ಬೇಗ ಲಾಭಕ್ಕೆ ಮರಳಿದ್ದರಿಂದ ದೀರ್ಘ ಸಂಬಂಧವೇ ಹೊರೆಯಲ್ಲವೇ ಎಂಬ ಪ್ರಶ್ನೆ ಎದ್ದಿತು. ಟೊಯೋಟಾ ಸಂಬಂಧ ಕಡಿಯಲಿಲ್ಲ, ದರ ಮಾತ್ರ ಬಿಡಲಿಲ್ಲ: 2000ರ ಯೋಜನೆಯೊಂದರಲ್ಲಿ ಮುಖ್ಯ ಬಿಡಿಭಾಗಗಳ ವೆಚ್ಚವನ್ನು ಶೇ. 30 ಇಳಿಸಲು ಕೇಳಿತು. 2010ರಲ್ಲಿ ವೇಗವರ್ಧಕ ಪೆಡಲ್ ದೋಷಕ್ಕಾಗಿ ಅಮೆರಿಕದಲ್ಲಿ 23 ಲಕ್ಷ ವಾಹನಗಳನ್ನು ವಾಪಸು ಕರೆಯಬೇಕಾಯಿತು. ಆ ಪೆಡಲ್ ಮಾಡಿದ್ದು ಹಳೆಯ ವಲಯದ ಹೊರಗಿನ ಅಮೆರಿಕನ್ ಕಂಪನಿ.

ಬಿಡದಿ

ಕರ್ನಾಟಕಕ್ಕೆ ಟೊಯೋಟಾ ಗುಂಪು ಮೊದಲು ಬಂದದ್ದು ಕಾರಿನಿಂದಲ್ಲ. 1995ರಲ್ಲಿ ಕಿರ್ಲೋಸ್ಕರ್ ಜತೆ ಸೇರಿ ಜವಳಿ ಯಂತ್ರದ ಕಂಪನಿ ಸ್ಥಾಪಿಸಿತು. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಹುಟ್ಟಿತು, 1999ರ ಡಿಸೆಂಬರಿನಲ್ಲಿ ಬಿಡದಿಯಲ್ಲಿ ಕ್ವಾಲಿಸ್ ತಯಾರಿಕೆ ಶುರುವಾಯಿತು. ಆರಂಭದಲ್ಲಿ ವಾಹನಗಳ ಸಂಖ್ಯೆ ಕಡಿಮೆ. ಪ್ರತಿ ಪೂರೈಕೆದಾರ ತನ್ನದೇ ಲಾರಿಯನ್ನು ದಿನಕ್ಕೆ ಹಲವು ಸಲ ಕಳಿಸಿದರೆ ಲಾರಿ ಅರ್ಧ ಖಾಲಿ. ಅದಕ್ಕಾಗಿ ಮಿಲ್ಕ್ ರನ್ ವ್ಯವಸ್ಥೆ ಬಂತು. ಒಂದೇ ಲಾರಿ ಗೊತ್ತಾದ ಹೊತ್ತಿಗೆ ಹಲವು ಕಾರ್ಖಾನೆಗಳ ಬಾಗಿಲಿಗೆ ಹೋಗಿ, ಖಾಲಿ ಟ್ರೇ ಇಳಿಸಿ ತುಂಬಿದ ಟ್ರೇ ಹೇರಿಕೊಂಡು ಬಿಡದಿಗೆ ಬರುತ್ತದೆ. ಪೂರೈಕೆದಾರರ ಕಾರ್ಖಾನೆಗಳಿಗೆ ಪಕ್ಕದಲ್ಲೇ ಟೆಕ್ನೋ ಪಾರ್ಕ್ ಇದೆ. 2006ರ ಮುಷ್ಕರ, 2020ರ ಬೀಗಮುದ್ರೆಗಳ ಕುರಿತ ಬರಹಗಳು ಮುಖ್ಯ ಕಾರ್ಖಾನೆಯ ಗೇಟಿನಲ್ಲೇ ನಿಲ್ಲುತ್ತವೆ. ದಾಸ್ತಾನೇ ಇಟ್ಟುಕೊಳ್ಳದ ಏರ್ಪಾಡಿನಲ್ಲಿ ಗೇಟು ಮುಚ್ಚಿದರೆ ಸುತ್ತಲಿನ ಘಟಕಗಳ ಕೆಲಸವೂ ಕೂಡಲೇ ನಿಲ್ಲುತ್ತದೆ.

2011ರ ನಂತರ

2011ರ ಮಾರ್ಚ್ 11ರ ಭೂಕಂಪದಲ್ಲಿ ರೆನೆಸಾಸ್ ಕಂಪನಿಯ ನಾಕಾ ಚಿಪ್ ಕಾರ್ಖಾನೆ ಹಾಳಾದಾಗ ಒಂದು ಸತ್ಯ ಹೊರಬಿತ್ತು. ಕೆಳಗೆ ಹೋದಂತೆ ಪೂರೈಕೆದಾರರು ಹರಡಿಕೊಂಡಿರುತ್ತಾರೆ ಎಂದುಕೊಂಡಿದ್ದ ಕಡೆ, ಬೇರೆಬೇರೆ ಮೊದಲ ಹಂತದವರೆಲ್ಲ ಕೊನೆಗೆ ಒಬ್ಬನನ್ನೇ ನೆಚ್ಚಿಕೊಂಡಿದ್ದರು. ಟೊಯೋಟಾ ರೆಸ್ಕ್ಯೂ ಎಂಬ ದತ್ತಾಂಶ ವ್ಯವಸ್ಥೆ ಕಟ್ಟಿ ಕೆಳ ಹಂತಗಳನ್ನು ಗುರುತಿಸಿತು, ಚಿಪ್‌ಗಳನ್ನು ಎರಡರಿಂದ ಆರು ತಿಂಗಳಿಗೆ ಸಾಲುವಷ್ಟು ಇಟ್ಟುಕೊಳ್ಳಲು ಪೂರೈಕೆದಾರರಿಗೆ ಹೇಳಿತು. ‘ದಾಸ್ತಾನು ಬೇಡ’ ಎಂದು ಕಲಿಸಿದ ಕಂಪನಿಯೇ ದಾಸ್ತಾನು ಇಡಲು ಹೇಳಿದ್ದು 2021ರ ಚಿಪ್ ಬರಗಾಲದಲ್ಲಿ ಫಲ ಕೊಟ್ಟಿತು. ಆ ವರ್ಷ ಅಮೆರಿಕದ ಮಾರಾಟದಲ್ಲಿ ಅದು ಜನರಲ್ ಮೋಟಾರ್ಸನ್ನು ಹಿಂದಿಕ್ಕಿತು. ಆದರೂ ಸೆಪ್ಟೆಂಬರಿನ ಉತ್ಪಾದನಾ ಯೋಜನೆಯನ್ನು ಶೇ. 40 ಇಳಿಸಬೇಕಾಯಿತು. ಕೊಜಿಮಾ ಎಂಬ ಪೂರೈಕೆದಾರ ಕಂಪನಿಯ ಕಂಪ್ಯೂಟರುಗಳ ಮೇಲೆ ನಡೆದ ದಾಳಿಯಿಂದ 2022ರ ಮಾರ್ಚ್ 1ರಂದು ಜಪಾನಿನ 14 ಕಾರ್ಖಾನೆಗಳೂ ಒಂದು ದಿನ ನಿಂತವು.

ಕೆಳ ಹಂತದ ಬಗ್ಗೆ ಹೊಸ ದಾಖಲೆ ಸಿಕ್ಕಿದ್ದು ಸಂಶೋಧಕರಿಂದಲ್ಲ, ಜಪಾನಿನ ನ್ಯಾಯಸಮ್ಮತ ವ್ಯಾಪಾರ ಆಯೋಗದಿಂದ. 2024ರ ಜುಲೈನಲ್ಲಿ ಆಯೋಗ, ಟೊಯೋಟಾದ ಅಂಗಸಂಸ್ಥೆಯೊಂದು 49 ಸಣ್ಣ ಪೂರೈಕೆದಾರರ ಬಳಿ 664 ಅಚ್ಚು ಮತ್ತಿತರ ಉಪಕರಣಗಳನ್ನು ಬಾಡಿಗೆ ಕೊಡದೆ ಇರಿಸಿದ್ದನ್ನು ಪತ್ತೆಹಚ್ಚಿ ಕ್ರಮಕ್ಕೆ ಸೂಚಿಸಿತು. ಮಾದರಿ ಹಳೆಯದಾಗಿ ಆರ್ಡರ್ ನಿಂತ ಮೇಲೂ ಆ ಅಚ್ಚುಗಳನ್ನು ಎಸೆಯುವಂತಿಲ್ಲ, ಇಟ್ಟುಕೊಂಡರೆ ಜಾಗದ ಖರ್ಚು ಪೂರೈಕೆದಾರರದ್ದು. 1956ರ ಕಾನೂನು 2025ರಲ್ಲಿ ತಿದ್ದುಪಡಿಯಾಯಿತು. ಮಾತುಕತೆಯಿಲ್ಲದೆ ಏಕಪಕ್ಷೀಯವಾಗಿ ದರ ಗೊತ್ತುಮಾಡುವುದನ್ನೂ ಮುದ್ದತು ಹುಂಡಿ ಬರೆದುಕೊಟ್ಟು ಹಣ ಮುಂದೂಡುವುದನ್ನೂ ನಿಷೇಧಿಸುವ ಹೊಸ ನಿಯಮಗಳು 2026ರ ಜನವರಿ 1ರಿಂದ ಜಾರಿಗೆ ಬಂದವು.